ಗದಿಗೆಪ್ಪನ ಹುಲಿ

ನಾನೊಂದು ಕ್ಯಾಮ್‌ಶಾಫ್ಟ್. ಹೆಸರು ಕೇಳಿ ಹುಬ್ಬು ಗಂಟಿಕ್ಕಬೇಡಿ. ಕಾರಿನ ಇಂಜಿನ್ನಿನ ತಲೆಯೊಳಗೆ ಮಲಗಿ ತಿರುಗುವ ಕಬ್ಬಿಣದ ಕೋಲು ನಾನು. ಮೈಮೇಲೆ ಸಾಲಾಗಿ ಉಬ್ಬುಗಳಿವೆ. ನಾನು ತಿರುಗಿದಂತೆ ಅವು ವಾಲ್ವುಗಳನ್ನು ಒತ್ತುತ್ತವೆ. ಗಾಳಿ ಬರುವ ಬಾಗಿಲು, ಹೊಗೆ ಹೋಗುವ ಬಾಗಿಲು, ಎರಡನ್ನೂ ತೆರೆಯುವುದು ನನ್ನ ಕೆಲಸ.

ಹುಟ್ಟಿದ್ದು ಕೊಯಮತ್ತೂರಿನ ಒಂದು ಫೌಂಡ್ರಿಯಲ್ಲಿ. ರೇಸಿನ ಕಾರಿಗೆಂದೇ ನನ್ನ ಉಬ್ಬುಗಳನ್ನು ಎತ್ತರವಾಗಿ ಸಾಣೆ ಹಿಡಿದರು. ಹಾಗಾಗಿ ನಾನು ಬಾಗಿಲುಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತೇನೆ. ಒಂದು ಕ್ಷಣ ಎರಡೂ ಒಟ್ಟಿಗೇ ತೆರೆದಿರುತ್ತವೆ. ಆಗ ಹೊರಟ ಹೊಗೆಯೇ ಹೊಸ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅದೇ ನನ್ನ ದೊಡ್ಡಸ್ತಿಕೆ. ಮೊದಲ ಯಜಮಾನ ಒಂದೆರಡು ರೇಸಿನಲ್ಲೇ ಕಾರನ್ನು ಜಜ್ಜಿಕೊಂಡ. ಒಂದು ಗೇರ್‌ಬಾಕ್ಸಿಗೆ ಬದಲಾಗಿ ನನ್ನನ್ನು ಹುಬ್ಬಳ್ಳಿಯ ಮೆಕ್ಯಾನಿಕ್ ಗದಿಗೆಪ್ಪ ಕಮ್ಮಾರನ ಕೈಗಿತ್ತ.

ಗದಿಗೆಪ್ಪ ಇಂಜಿನ್ನಿನ ರೋಗವನ್ನು ಕಿವಿಯಿಂದಲೇ ಹೇಳುವವನು. ಲೋಹದ ದಪ್ಪವನ್ನು ಎರಡು ಬೆರಳಲ್ಲಿ ಚಿವುಟಿಯೇ ಅಳೆಯುವವನು. ಅವನು ನನ್ನನ್ನು ತನ್ನ ಹಳೆಯ ಕಾರಿಗೆ ಕೂಡಿಸಿದ. ಕಾರು ನಿಂತಲ್ಲೇ ಗುಡುಗುಡು ಎಂದು ನಡುಗುತ್ತಿತ್ತು. ಆ ಸದ್ದಿಗೆ ಜನ ಚಹಾ ಬಿಟ್ಟು ಎದ್ದು ಬರುತ್ತಿದ್ದರು. "ಹುಲಿ ಐತ್ರಿ ಇದು," ಎಂದು ಅವನು ಬೀಗುತ್ತಿದ್ದ. ಗೆದ್ದ ರೇಸುಗಳಿಗೆ ಲೆಕ್ಕವಿಲ್ಲ. ನಾನೂ ಉಬ್ಬಿಹೋಗಿದ್ದೆ.

ಆಮೇಲೆ ಗದಿಗೆಪ್ಪನ ಬೆರಳುಗಳು ಜೋಮು ಹಿಡಿದವು. ವರ್ಷಗಟ್ಟಲೆ ಗ್ರೈಂಡರ್ ಹಿಡಿದು ನಡುಗಿದ ಕೈಗಳು, ಇನ್ನು ವಾಸಿಯಾಗುವುದಿಲ್ಲ ಎಂದರು ಡಾಕ್ಟರು. ಸ್ಪ್ಯಾನರ್ ಕೈಜಾರುವ ಮೊದಲು ಒಂದೇ ಒಂದು ಇಂಜಿನ್ ಕಟ್ಟಬೇಕು, ಅದನ್ನು ಮಗಳು ಶಾಂಭವಿ ಓಡಿಸಿ ಗೆಲ್ಲುವುದನ್ನು ಕಣ್ಣಾರೆ ನೋಡಬೇಕು ಎಂದು ಹಟ ಹಿಡಿದ. ಪಿಸ್ಟನ್ನನ್ನು ಇನ್ನೂ ದೂರ ಓಡಿಸುವ ಉದ್ದ ಹೊಡೆತದ ಕ್ರ್ಯಾಂಕ್ ಹಾಕಿ ಇಂಜಿನ್ನಿನ ಬಲ ಹೆಚ್ಚಿಸಿದ. ಮೇಲೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಕೂಡಿಸಿದ. ಉಳಿದದ್ದು ಕ್ಯಾಮ್‌ಶಾಫ್ಟ್ ಆರಿಸುವುದು.

ಮೇಜಿನ ಮೇಲೆ ನಾವಿಬ್ಬರು ಮಲಗಿದ್ದೆವು. ಪಕ್ಕದಲ್ಲಿದ್ದವನು ಹೊಸಬ, ಗಿಡ್ಡ ಉಬ್ಬಿನ ಸಪ್ಪೆ ಆಸಾಮಿ. ಶಾಂಭವಿ ಅವನನ್ನೇ ಎತ್ತಿಕೊಂಡಳು.

"ಯಪ್ಪಾ, ಟರ್ಬೋ ಗಾಳಿ ಒತ್ತಿ ತುಂಬತೈತಿ. ನಿನ್ನ ಹುಲಿ ಎರಡೂ ಬಾಗಲಾ ಒಮ್ಮೆ ತಗದಿಡತೈತಿ. ತುಂಬಿದ್ದೆಲ್ಲಾ ಹಿತ್ತಲ ಬಾಗಲಿಂದ ಹೊರಗ ಹೋಗತೈತಿ."

"ಇದು ನನ್ನ ಕಡೀ ಇಂಜಿನ್ ಯವ್ವಾ. ಬೆಕ್ಕಿನಂಗ ಗುರ್ ಅನಸೂದು ಬ್ಯಾಡ."

ಅವಳು ಹೊಸಬನನ್ನು ಮೇಜಿನ ಮೇಲೆ ಮರಳಿ ಇಟ್ಟಳು. ನನಗೋ ಹಿಗ್ಗು. ಅವಳ ಮಾತು ಅರ್ಥವಾಗಿರಲಿಲ್ಲ.

ನನ್ನ ವಾಲ್ವು ಪಿಸ್ಟನ್ನಿಗೆ ತಾಕದೆ ಎಷ್ಟು ದೂರ ಉಳಿಯುತ್ತದೆಂದು ನೋಡಲು ಪಿಸ್ಟನ್ನಿನ ನೆತ್ತಿಗೆ ಜೇಡಿಮಣ್ಣು ಮೆತ್ತಿ ಇಂಜಿನ್ನನ್ನು ಕೈಯಲ್ಲೇ ತಿರುಗಿಸುತ್ತಾರೆ. ಆ ಸಲ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಉಳಿದ ಮಣ್ಣು. ಬಿಚ್ಚಿ ನೋಡಿದರೆ ವಾಲ್ವು ಒತ್ತಿದಲ್ಲಿ ಮಣ್ಣು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಗದಿಗೆಪ್ಪ ಪಿಸ್ಟನ್ನುಗಳನ್ನು ಹೊರತೆಗೆದು, ವಾಲ್ವಿಗೆ ಜಾಗವಾಗಲೆಂದು ನೆತ್ತಿಯನ್ನು ಇನ್ನಷ್ಟು ಕೆತ್ತಿದ. ಆಮೇಲೆ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ ಇಟ್ಟು ಚಿವುಟಿದ.

"ಬೇಕಾದಷ್ಟು ದಪ್ಪ ಐತಿ."

ಶಾಂಭವಿ ಅಳತೆಯ ಕ್ಯಾಲಿಪರ್ ಎತ್ತಿಕೊಂಡಳು.

"ನನ್ನ ಹೆಬ್ಬಟ್ಟಿಗೂ ಅಳತಿ ಹಚ್ಚತೀಯೇನು?" ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. ಅವಳು ಕ್ಯಾಲಿಪರನ್ನು ಇದ್ದಲ್ಲೇ ಇಟ್ಟಳು.

ಊರಾಚೆಯ ಹಳೆಯ ಏರ್‌ಸ್ಟ್ರಿಪ್‌ನಲ್ಲಿ ರೇಸು. ನನ್ನ ಗುಡುಗಿಗೆ ಜನ ಸೀಟಿ ಹೊಡೆದರು. ಗದಿಗೆಪ್ಪ ಕಣ್ಣೊರೆಸಿಕೊಂಡ. ಪರೀಕ್ಷೆಯ ಓಟದಲ್ಲೇ ಟರ್ಬೋದ ಒತ್ತಡ ಏರಿರಲಿಲ್ಲ. ಅವನು ಅದಕ್ಕೆ ಮದ್ದೆಂದು ಒತ್ತಡದ ತಿರುಪನ್ನು ಇನ್ನೂ ಬಿಗಿದಿದ್ದ.

ಬಾವುಟ ಬಿತ್ತು. ಟರ್ಬೋ ತುಂಬಿದ ಗಾಳಿ ನಾನು ತೆರೆದ ಬಾಗಿಲಿಂದಲೇ ಸೋರಿಹೋಗುತ್ತಿತ್ತು. ಶಾಂಭವಿಯ ಮಾತು ಆಗ ಅರ್ಥವಾಯಿತು. ವೇಗ ಏರಿದಂತೆ, ತಿರುಪು ಬಿಗಿದಿದ್ದರಿಂದ, ಒತ್ತಡ ಒಮ್ಮೆಲೇ ನುಗ್ಗಿತು, ಕೆಳಗೆ ಆ ತೆಳು ನೆತ್ತಿ ಕೆಂಪಗೆ ಕಾಯತೊಡಗಿತು. ಅವಳು ಒಳಗಿದ್ದಾಳೆ, ನಿಲ್ಲಬೇಕು, ನಿಲ್ಲಬೇಕು ಎಂದು ಹಲುಬಿದೆ. ನನ್ನನ್ನು ತಿರುಗಿಸುವ ಚೈನು ಬಿಟ್ಟರೆ ತಾನೆ? ಅದು ಎಳೆದಂತೆ ತಿರುಗಿದೆ, ತೆರೆದೆ, ಮತ್ತೆ ತೆರೆದೆ. ನೆತ್ತಿ ತೂತಾಯಿತು. ಹೊಗೆ ಕವಿದು ಕಾರು ಗಿರಗಿರನೆ ಸುತ್ತಿ ಹುಲ್ಲಿಗೆ ಹೋಗಿ ಬಿತ್ತು. ಶಾಂಭವಿ ಕೆಮ್ಮುತ್ತ ಹೊರಬಂದಳು. ಗದಿಗೆಪ್ಪ ಓಡಿಬಂದವನು ಅವಳ ತಲೆ, ಭುಜ, ಕೈ ಎಲ್ಲ ಮುಟ್ಟಿಮುಟ್ಟಿ ನೋಡಿದ.

ಮರುದಿನ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿದರು. ಗದಿಗೆಪ್ಪ ಪಿಸ್ಟನ್ನಿನ ತೂತಿನ ಅಂಚಿಗೆ ಹೆಬ್ಬೆರಳು ಒತ್ತಿದ. ರಕ್ತ ಬಂತು. ಅವನಿಗೆ ಗೊತ್ತಾಗಲಿಲ್ಲ. ಮಗಳು ಬಟ್ಟೆ ಸುತ್ತಿದಾಗಲೇ ನೋಡಿಕೊಂಡ.

"ಈ ಬೆರಳಿಗೆ ಏನೂ ತಿಳಿಯೂದಿಲ್ಲ ಯವ್ವಾ."

"ಗೊತ್ತಿತ್ತು ಯಪ್ಪಾ."

"ಗೊತ್ತಿದ್ದೂ ಕುಂತಿಯೇನು ಕಾರಿನ್ಯಾಗ?"

"ನಿನಗ ಹ್ಯಾಂಗ ಹೇಳಲಿ?"

ಆಮೇಲೆ ಅವನು ಸ್ಪ್ಯಾನರ್ ಮುಟ್ಟಲಿಲ್ಲ. ಶಾಂಭವಿಯೇ ಹೊಸ ಪಿಸ್ಟನ್ ಹಾಕಿದಳು, ಆ ಸಪ್ಪೆ ಆಸಾಮಿಯನ್ನು ಕೂಡಿಸಿದಳು. ಇಂಜಿನ್ ಮೆತ್ತಗೆ ಗುರ್ ಎನ್ನುತ್ತದೆ, ಗೆದ್ದೂ ಬರುತ್ತದೆ. ಆದರೆ ಅದು ಗದಿಗೆಪ್ಪ ಕಟ್ಟಿದ್ದಲ್ಲ. ಅವಳು ಗೆದ್ದ ದಿನ ಅವನು ಚಪ್ಪಾಳೆ ತಟ್ಟಿದ, ಮನೆಗೆ ಬಂದು ಊಟ ಬೇಡವೆಂದ.

ನಾನೀಗ ಗ್ಯಾರೇಜಿನ ಗೋಡೆಯ ಮೊಳೆಗೆ ತೂಗುಬಿದ್ದಿದ್ದೇನೆ. ಎಣ್ಣೆ ಕಾಣದೆ ಮೈ ತುಕ್ಕು ಹಿಡಿಯುತ್ತಿದೆ. ಗದಿಗೆಪ್ಪ ದಿನವೂ ಬಂದು ಕುರ್ಚಿ ಎಳೆದು ಕೂರುತ್ತಾನೆ, ಕೈ ಚಾಚಿ ನನ್ನ ಉಬ್ಬುಗಳನ್ನು ಒಂದೊಂದಾಗಿ ಸವರುತ್ತಾನೆ. ಆ ಬೆರಳು ನನಗೆ ತಿಳಿಯುತ್ತದೆ. ನಾನು ಆ ಬೆರಳಿಗೆ ತಿಳಿಯುವುದಿಲ್ಲ.