ಸೆರಗಿನ ಮೇಲಿನ ಕಪ್ಪು

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಯ ಹೆಂಗಸರು ಬಿಳಿ ಬಟ್ಟೆಯನ್ನು ಹೊರಗೆ ಒಣಹಾಕುವುದು ಬಿಟ್ಟು ಬಹಳ ದಿನವಾಗಿತ್ತು. ಅದಿರಿನ ಲಾರಿಗಳು ಒಂದರ ಹಿಂದೊಂದು ಓಡುತ್ತಿದ್ದವು. ಅನ್ನದ ಮೇಲೆ ಧೂಳು, ನೀರಿನ ಕೊಡದ ಮೇಲೆ ಧೂಳು. ಮೂಗು ಒರೆಸಿಕೊಂಡರೆ ಸೆರಗು ಕೆಂಪಾಗುತ್ತಿತ್ತು.

ಅನ್ನಪೂರ್ಣಳ ಮನೆಯಲ್ಲಿ ಮಾತ್ರ ಒಂದು ಕೋಣೆ ಚೊಕ್ಕಟವಾಗಿತ್ತು. ಅವಳು ಆ ಕೋಣೆಯಲ್ಲೇ ಕುಳಿತು ಲಾರಿ ಮಾಲೀಕರ ಬಿಲ್ಲು, ಟ್ರಿಪ್ ಶೀಟುಗಳನ್ನು ಟೈಪ್ ಮಾಡುತ್ತಿದ್ದಳು. ಮೇಜಿನ ಮೇಲೆ ಕಂಪ್ಯೂಟರು, ಅವಳ ಮೊಣಕೈಗೆ ತಾಗುವಷ್ಟು ಹತ್ತಿರ ಒಂದು ಹಳೆಯ ಲೇಸರ್ ಪ್ರಿಂಟರು. ಯಂತ್ರಕ್ಕೆ ಧೂಳು ಹೋಗಬಾರದೆಂದು ಅವಳ ಗಂಡ ಎರ್ರಿಯಪ್ಪ ಕಿಟಕಿ ಮುಚ್ಚಿ, ಸಂದಿಗಳಿಗೆಲ್ಲ ಟೇಪು ಹಚ್ಚಿದ್ದ. ಬಾಗಿಲ ಕೆಳಗೆ ಗೋಣಿತಟ್ಟು ತುರುಕಿದ್ದ.

ಅತ್ತೆ ಹುಲುಗಮ್ಮನಿಗೆ ದಮ್ಮು ಹೆಚ್ಚಾದಾಗ ಅನ್ನಪೂರ್ಣ ಅವಳ ಮಂಚವನ್ನು ಅದೇ ಕೋಣೆಗೆ ತಂದಳು. ಹುಲುಗಮ್ಮ ವರ್ಷಗಟ್ಟಲೆ ಗಣಿಯಾಗಿ ಬದಲಾದ ಹೊಲಗಳಲ್ಲಿ ಅದಿರು ಆರಿಸಿ, ಸುತ್ತಿಗೆಯಿಂದ ಒಡೆದು ಬದುಕಿದವಳು. ಜಾಗ ಸಾಲದೆ ಮಂಚದ ತಲೆದೆಸೆ ಪ್ರಿಂಟರಿನ ಬೆನ್ನಿಗೇ ಬಂತು.

"ಲೇ ಅನ್ನಪೂರ್ಣ, ಕಿಟಕಿ ತಗಿಯವ್ವ. ಎದಿ ಕಟ್ಟಿದಂಗ ಆಗ್ತೈತಿ."

"ತಗದ್ರ ಗುಡ್ಡಾನ ಒಳಗ ಬರ್ತೈತಿ ಅತ್ತಿ. ಸುಮ್ನ ಮಕ್ಕೊಳ್ರಿ."

"ಈ ನಿನ್ ಡಬ್ಬಿ ಕಾದ ಇಸ್ತ್ರಿಪೆಟ್ಟಿಗಿ ಹಂಗ ನಾರ್ತೈತಿ."

"ಅದು ನಾರಿದ್ರ ನಮ್ಮನಿ ಒಲಿ ಉರಿಯಾದು," ಎಂದು ಅನ್ನಪೂರ್ಣ ನಕ್ಕಳು. ಸಂಜೆಯಾಗುವಷ್ಟರಲ್ಲಿ ತನಗೂ ತಲೆ ಸಿಡಿಯುತ್ತದೆ, ಗಂಟಲು ಕೆರೆಯುತ್ತದೆ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೂತು ಮಾಡುವ ಕೆಲಸಕ್ಕೂ ಏನು ನೋವು ಎಂದು ಜನ ಆಡಿಕೊಂಡಾರು ಎಂಬ ಸಂಕೋಚ.

ಒಂದು ದಿನ ನರ್ಸಮ್ಮ ಕೊಟ್ರಬಸಮ್ಮ ಮನೆಮನೆ ಭೇಟಿಗೆ ಬಂದಳು. ಕೋಣೆಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡಳು. ಹುಲುಗಮ್ಮ ಕೆಮ್ಮಿ, ಸೆರಗಿನಿಂದ ಮೂಗು ಒರೆಸಿಕೊಂಡಳು. ಕೊಟ್ರಬಸಮ್ಮ ಆ ಸೆರಗಿನ ತುದಿಯನ್ನು ಹಿಡಿದು ಬಾಗಿಲ ಬೆಳಕಿಗೆ ತಂದಳು.

"ಅನ್ನಪೂರ್ಣಮ್ಮ, ಈ ರಸ್ತ್ಯಾಗ ಎಲ್ಲಾರ ಸೆರಗು ಏನ್ ಬಣ್ಣ ಆಗ್ತೈತಿ?"

"ಕೆಂಪು."

"ಇದು?"

ಅನ್ನಪೂರ್ಣ ನೋಡಿದಳು. ಕಪ್ಪು.

"ಹೊರಗಿನ ಧೂಳಲ್ಲ ಇದು," ಎಂದಳು ಕೊಟ್ರಬಸಮ್ಮ. "ಆ ಮಿಷಿನ್ನಿಗೆ ಮಸಿ ಪುಡಿ ಯಾರು ತುಂಬ್ತಾರ?"

"ನಾನ," ಎಂದ ಬಾಗಿಲಲ್ಲಿ ನಿಂತಿದ್ದ ಎರ್ರಿಯಪ್ಪ. "ಅಂಗಡಿಗೆ ಯಾಕ ಒಯ್ಯಬೇಕು? ಕಾರ್ಟ್ರಿಜ್ ಬಿಚ್ಚಿ, ಬಡದು, ಹಳೇ ಪುಡಿ ಊದಿ, ಹೊಸಾದು ಹಾಕ್ತೀನಿ."

"ಎಲ್ಲಿ ಕುಂತು?"

"ಇಲ್ಲೇ. ಹೊರಗ ಗಾಳಿಗೆ ಹಾರ್ತೈತಲ್ರಿ."

"ಒಳಗಾದ್ರ ನಿಮ್ಮವ್ವನ ಎದಿಗೆ ಇಳೀತೈತಿ. ಇನ್ನೊಂದು ಮಾತು. ಕಣ್ಣಿಗೆ ಕಾಣೋ ಪುಡಿ ಬ್ಯಾರೆ. ಈ ಜಾತಿ ಮಿಷಿನ್ ಕಾದಾಗ ಕಣ್ಣಿಗೆ ಕಾಣದ ಸಣ್ಣ ಕಣ, ಒಂದೀಟು ಘಾಟು ಗಾಳಿನೂ ಬಿಡ್ತಾವ. ಕೆಲವು ಹೆಚ್ಚು, ಕೆಲವು ಕಡಿಮಿ. ಮುಚ್ಚಿದ ಕೋಣ್ಯಾಗ ಅದು ಎಲ್ಲಿಗೆ ಹೋಗಬೇಕು?"

ಎರ್ರಿಯಪ್ಪ ನಕ್ಕ. "ಹೊರಗ ಗುಡ್ಡಕ್ಕ ಗುಡ್ಡಾನ ಗಾಳ್ಯಾಗ ಹಾರಾಕತ್ತೈತಿ. ನೀವು ಈ ಬಡಪಾಯಿ ಡಬ್ಬಿ ಮ್ಯಾಲ ಕೇಸ್ ಹಾಕ್ತೀರಲ್ರಿ ನರ್ಸಮ್ಮ! ಬ್ಯಾಂಕಿನ್ಯಾಗೂ ಐತಿ. ಅವ್ರೆಲ್ಲ ಸತ್ತಾರೇನು?"

"ಬ್ಯಾಂಕಿನ್ಯಾಗ ಯಾರಾದ್ರೂ ಮಿಷಿನ್ ಬೆನ್ನಿಗೆ ಮಂಚ ಹಾಕ್ಯಾರೇನು? ಕಿಟಕಿಗೆ ಟೇಪ್ ಹಚ್ಚ್ಯಾರೇನು?" ಎಂದು ಕೊಟ್ರಬಸಮ್ಮ ಎದ್ದಳು. "ದಮ್ಮು ಇದ್ದವ್ರಿಗೆ ಇದು ಬ್ಯಾಡ. ಅಮ್ಮನ್ನ ಹಿತ್ತಲ ಕಡೆ ಕೋಣಿಗೆ ಹಾಕ್ರಿ. ಇವತ್ತ ಹಾಕ್ರಿ."

"ನೋಡೋಣಂತ," ಎಂದ ಎರ್ರಿಯಪ್ಪ.

ನೋಡಲಿಲ್ಲ. ಅನ್ನಪೂರ್ಣ ಮಂಚ ಎತ್ತಲು ಕರೆದರೆ, ಲಾರಿಯವರು ಕಾಯುತ್ತಿದ್ದಾರೆ ಎಂದ. ಅದೇ ವಾರ ಹಾಳೆಯ ಮೇಲೆ ಅಕ್ಷರ ಮಸುಕಾಗಿ ಬರತೊಡಗಿತು. ಎರ್ರಿಯಪ್ಪ ಮಧ್ಯಾಹ್ನದ ಊಟ ಮುಗಿಸಿ ಅದೇ ಕೋಣೆಯಲ್ಲಿ ಕಾರ್ಟ್ರಿಜ್ ಬಿಚ್ಚಿ ಕುಳಿತ. ಬಡಿದ. ಬಾಯಿಂದ ಜೋರಾಗಿ ಊದಿದ. ಕಪ್ಪು ಹೊಗೆಯಂತೆ ಪುಡಿ ಎದ್ದಿತು. ಅನ್ನಪೂರ್ಣ ಪೊರಕೆಯಿಂದ ಗುಡಿಸಿದಳು. ಇನ್ನಷ್ಟು ಎದ್ದಿತು.

ಹುಲುಗಮ್ಮ ಎದ್ದು ಕುಳಿತಳು. ಬಾಯಿ ತೆರೆದಳು, ಉಸಿರು ಒಳಗೆ ಹೋಗಲಿಲ್ಲ. ಮಾತೂ ಬರಲಿಲ್ಲ. ಕಿಟಕಿಯತ್ತ ಕೈ ತೋರಿಸಿದಳು. ತುಟಿ ನೀಲಿಯಾಗುತ್ತಿತ್ತು. ಅನ್ನಪೂರ್ಣ ಟೇಪು ಕೀಳಲು ಹೋದರೆ ಅದು ಚೂರುಚೂರಾಗಿ ಬಂತೇ ಹೊರತು ಕಿಟಕಿ ತೆರೆದುಕೊಳ್ಳಲಿಲ್ಲ. ಎರ್ರಿಯಪ್ಪ ಅಷ್ಟು ಗಟ್ಟಿಯಾಗಿ ಹಚ್ಚಿದ್ದ.

ರಸ್ತೆಯಲ್ಲಿ ನಿಂತಿದ್ದ ಲಾರಿಯಲ್ಲೇ ಅವಳನ್ನು ಹೊಸಪೇಟೆಯ ಆಸ್ಪತ್ರೆಗೆ ಒಯ್ದರು. ಆಕ್ಸಿಜನ್ ಹಚ್ಚಿದರು. ಹುಲುಗಮ್ಮ ಉಳಿದಳು. ಡಾಕ್ಟರು ಸುತ್ತುಬಳಸದೆ ಹೇಳಿದರು: "ಈ ರೋಗ ಪ್ರಿಂಟರಿನಿಂದಲೇ ಬಂತು ಅಂತ ನಾನು ಹೇಳೋದಿಲ್ಲ. ಅದಿರಿನ ಧೂಳು ಇವರ ಎದೆಯನ್ನ ಎಂದೋ ಹಾಳು ಮಾಡಿದೆ. ಹಾಳಾದ ಎದೆಯ ಮೇಲೆ ನೀವು ಇನ್ನೊಂದು ಹೊರೆ ಹೊರಿಸಿದ್ದೀರಿ. ಹೋದದ್ದು ತಿರುಗಿ ಬರೋದಿಲ್ಲ. ಉಳಿದದ್ದನ್ನ ಉಳಿಸಿಕೊಳ್ಳಿ."

ವಾರ್ಡಿನ ಹೊರಗೆ ಎರ್ರಿಯಪ್ಪ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತ ನಿಂತಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪಿತ್ತು.

"ಅವ್ವನ ಸಲುವಾಗಿ ಧೂಳು ತಡದೀವಿ ಅಂತ ತಿಳಕೊಂಡಿದ್ದೆ," ಎಂದ.

"ಅತ್ತಿ ಸಲುವಾಗಿ ಅಲ್ಲ," ಎಂದಳು ಅನ್ನಪೂರ್ಣ. "ಟೇಪ್ ಹಚ್ಚಿದ್ದು ಮಿಷಿನ್ನಿಗೆ. ಅತ್ತಿನ್ನ ಆಮ್ಯಾಲ ಅದರ ಜೋಡಿ ಮಲಗಿಸಿದ್ವಿ."

ಅವನು ಮನೆಗೆ ಹೋಗಿ ಪ್ರಿಂಟರನ್ನು ಪಡಸಾಲೆಗೆ, ತೆರೆದ ಬಾಗಿಲ ಬಳಿಗೆ ಸಾಗಿಸಿದ. ಬಿದ್ದ ಪುಡಿಯನ್ನು ಗುಡಿಸದೆ, ಮತ್ತೆ ಬಂದ ಕೊಟ್ರಬಸಮ್ಮ ಹೇಳಿದಂತೆ ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ. ಪುಡಿ ತುಂಬಿಸಲು ಅಂಗಡಿಗೇ ಕೊಡತೊಡಗಿದ. ಅತ್ತೆಯ ಮಂಚ ಹಾಕಿದ ಹಿತ್ತಲ ಕೋಣೆಯ ಕಿಟಕಿಗೆ ಅನ್ನಪೂರ್ಣ ಒದ್ದೆ ಬಟ್ಟೆಯ ಪರದೆ ಕಟ್ಟಿದಳು. ಲಾರಿಗಳು ಕಡಿಮೆಯಾದ ಹೊತ್ತಿನಲ್ಲಿ ಅದನ್ನೂ ಸರಿಸುತ್ತಾಳೆ. ಈಗ ಅವಳು ಹಾಳೆಗಳನ್ನೆಲ್ಲ ಒಟ್ಟಿಗೆ ಪ್ರಿಂಟಿಗೆ ಕೊಟ್ಟು, ಯಂತ್ರ ನಿಲ್ಲುವವರೆಗೆ ದೂರ ಹೋಗುತ್ತಾಳೆ. ಅವಳ ತಲೆನೋವು ಕಡಿಮೆಯಾಗಿದೆ.

ಹುಲುಗಮ್ಮ ಮಾತ್ರ ಅಂಗಳದವರೆಗೆ ನಡೆದರೂ ನಡುವೆ ಎರಡು ಸಲ ಕೂರುತ್ತಾಳೆ. ಅವಳ ಸೆರಗು ಮತ್ತೆ ಎಲ್ಲರ ಸೆರಗಿನಂತೆ ಕೆಂಪಾಗಿದೆ. ಆ ಕೆಂಪಿಗೆ ಯಾರ ಮನೆಯಲ್ಲೂ ಮದ್ದಿಲ್ಲ.

ಈ ಕಥೆ ಓದಿದವರೇ, ಕೇಳಿದವರೇ, ಗಣಿಯ ಧೂಳನ್ನು ನಿಲ್ಲಿಸುವುದು ನಿಮ್ಮೊಬ್ಬರ ಕೈಯಲ್ಲಿಲ್ಲ. ಮೇಜಿನ ಮೇಲಿನ ಯಂತ್ರವನ್ನು ಸರಿಸುವುದು ನಿಮ್ಮ ಕೈಯಲ್ಲೇ ಇದೆ. ಪ್ರಿಂಟರನ್ನು ಗಾಳಿಯಾಡುವ ಕಡೆ, ನೀವು ಕೂರುವ ಜಾಗದಿಂದ ದೂರ ಇಡಿ. ದಮ್ಮು ಇದ್ದವರು, ಮಕ್ಕಳು, ಮುದುಕರು ಮಲಗುವ ಕೋಣೆಯಲ್ಲಿ ಅದು ಬೇಡ. ಪುಡಿಯನ್ನು ಮನೆಯೊಳಗೆ ಬಡಿಯಬೇಡಿ, ಊದಬೇಡಿ. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮತ್ತು ಮನೆಯಲ್ಲಿ ಯಾರಾದರೂ ಕಿಟಕಿ ತೆಗೆ ಎಂದರೆ, ಮೊದಲು ತೆಗೆಯಿರಿ. ಯಾಕೆ ಎಂದು ಆಮೇಲೆ ಕೇಳಿ.