ಹೊಳೆಯಬಾರದ ಗಾಜು

ಹೊಳೆಯಬಾರದ ಗಾಜು ಹೊಳೆಯುತ್ತಿತ್ತು. ದೀಕ್ಷಿತಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಮತ್ತೆ ಇಟ್ಟು ನೋಡಿದಳು. ಹಸಿರು ಬೆಳಕು ಅಲ್ಲೇ ಇತ್ತು.

"ಎಂತ ಮಾರಾಯ್ತಿ, ರೋಗ ಇಲ್ಲದ ಎಲೆಗೂ ದೀಪಾವಳಿಯಾ?" ಪಕ್ಕದ ಮೇಜಿನ ಸಫೂರಾ ಬಗ್ಗಿ ನೋಡಿ ಕೇಳಿದಳು.

ಕಾಳುಮೆಣಸಿನ ಎಲೆ ಮುರುಟಿಸುವ ವೈರಸ್ಸನ್ನು ಬಳ್ಳಿ ಸೊರಗುವ ಮೊದಲೇ ಹಿಡಿಯುವುದು ಪುತ್ತೂರಿನ ಆ ಕಾಲೇಜು ಲ್ಯಾಬಿನಲ್ಲಿ ದೀಕ್ಷಿತಾಳ ಕೆಲಸ. ವೈರಸ್ಸಿಗೆ ಮಾತ್ರ ಅಂಟುವ ಪ್ರೋಟೀನಿಗೆ ಹೊಳೆಯುವ ಬಣ್ಣ ಕಟ್ಟಿ, ಎಲೆಯ ತೆಳು ಚೂರಿನ ಮೇಲೆ ಬಿಟ್ಟು ತೊಳೆಯುತ್ತಾಳೆ. ರೋಗವಿದ್ದಲ್ಲಿ ಬಣ್ಣ ಉಳಿದು ಹಸಿರಾಗಿ ಹೊಳೆಯುತ್ತದೆ, ಇಲ್ಲದಿದ್ದರೆ ಕತ್ತಲೆ. ರೋಗವಿಲ್ಲದ ಎಲೆಯೇ ಹೊಳೆದರೆ ಬಣ್ಣ ಕಂಡಕಂಡಲ್ಲಿ ಅಂಟಿದೆ ಎಂದಾಯಿತು. ವರ್ಷದ ಕೆಲಸ ಸುಳ್ಳಾಯಿತು. ಯೋಜನೆ ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಬೆಂಗಳೂರಿನ ಸಮಿತಿ ಇವತ್ತೇ ಬರುತ್ತಿತ್ತು.

ಮಾರ್ಗದರ್ಶಕ ಕೃಷ್ಣಮೋಹನ ಇಣುಕಿ ನೋಡಿ ಉಸಿರುಬಿಟ್ಟರು. "ತೊಳೆದದ್ದು ಸಾಕಾಗ್ಲಿಲ್ಲ, ಇಲ್ಲದಿದ್ರೆ ಬಣ್ಣವೇ ಸರಿ ಇಲ್ಲ. ಹಾಗಂತ ಸಮಿತಿಯವರತ್ರ ಒಪ್ಪಿಕೊಳ್ಳುವ, ಬೇರೆಂತ ಮಾಡುದು?"

"ತೊಳೆದದ್ದು ಸರಿ ಉಂಟು ಸರ್."

ಅವಳದು ಎಂದಿನ ಮೆಲುದನಿಯೇ. ಆದರೆ ಸಫೂರಾ ತಲೆಯೆತ್ತಿ ನೋಡಿದಳು.

ದೀಕ್ಷಿತಾ ಗಾಜನ್ನು ಮೆಲ್ಲಗೆ ಸರಿಸಿದಳು. ಎಲೆಯ ಚೂರು ದಾಟಿ ಬರಿ ಗಾಜು ಬಂದರೂ ಬೆಳಕು ಮುಗಿಯಲಿಲ್ಲ. ಹೆಚ್ಚು ಜಾಗ ಒಟ್ಟಿಗೆ ಕಾಣುವ ಸಣ್ಣ ಲೆನ್ಸಿಗೆ ತಿರುಗಿಸಿದಳು. ಒಂದರ ಪಕ್ಕ ಒಂದು ಬಾಗಿದ ಗೆರೆಗಳು. ಬೆರಳಚ್ಚು.

ಅವಳಂತೂ ಗ್ಲೌಸ್ ತೆಗೆದಿರಲಿಲ್ಲ. ಈ ಚೂರಿನ ಮೇಲೆ ತೆಳು ಗಾಜು ಮುಚ್ಚಿದವರು ಸರ್. ಬೆಳಿಗ್ಗೆ ಪೆರಾಬೆಯ ಮನೆಯ ನಾಗಬನದಲ್ಲಿ ತಂಬಿಲದ ಪೂಜೆ ಮುಗಿಸಿ ಬಂದು, ಬಾಗಿಲಲ್ಲಿ ಸಿಕ್ಕಿದವರಿಗೆಲ್ಲ ಅರಸಿನ ಪ್ರಸಾದ ಹಂಚಿ, "ತಡ ಆಯ್ತು, ಕೊಡು, ಇದೊಂದು ನಾನು ಮುಚ್ತೇನೆ" ಎಂದಿದ್ದರು. ಅವರ ಹಣೆಯಲ್ಲಿ ಇನ್ನೂ ಹಳದಿ ಇತ್ತು.

ಅವಳು ಕಪಾಟಿನಿಂದ ನೇರಳೆ ಬೆಳಕಿನ ಟಾರ್ಚ್ ತಂದಳು.

"ಸರ್, ನಿಮ್ಮ ಕೈ ಒಮ್ಮೆ ತೋರಿಸ್ತೀರಾ?"

"ಎಂತಕ್ಕೆ? ಭವಿಷ್ಯ ಹೇಳ್ತೀಯಾ?"

"ಇಲ್ಲ ಸರ್. ಬೆಳಿಗ್ಗೆ ಆದದ್ದು ಹೇಳ್ತೇನೆ."

ಸಫೂರಾ ಲೈಟು ಆರಿಸಿದಳು. ಕೃಷ್ಣಮೋಹನರ ಹೆಬ್ಬೆರಳೂ ತೋರುಬೆರಳೂ ಉಗುರಿನ ಸಂದಿಯವರೆಗೆ ಹಸಿರುಹಳದಿಯಾಗಿ ಉರಿದವು. ಹಣೆಯೂ. ಅರಸಿನವೂ ಈ ಬೆಳಕಿನಲ್ಲಿ ತಾನಾಗಿ ಹೊಳೆಯುತ್ತದೆ.

"ಯಾ ಅಲ್ಲಾ! ವೈರಸ್ ಸರ್‌ಗೇ ಬಂದದ್ದು!"

ಕೃಷ್ಣಮೋಹನ ನಗಲಿಲ್ಲ. ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಪ್ರಸಾದ ಅಲ್ವಾ ಮಾರಾಯ್ತಿ, ನೀರು ಹಾಕಿ ತೊಳಿಲಿಕ್ಕೆ ಮನಸ್ಸಾಗ್ಲಿಲ್ಲ. ತಲೆಗೆ ಒರೆಸಿಕೊಂಡು ಬಂದೆ." ಗಡಿಯಾರ ನೋಡಿ, "ಸಮಿತಿಯವರು ಘಾಟಿ ಇಳಿದು ಗುಂಡ್ಯದಲ್ಲಿ ಚಾ ಕುಡೀತಾ ಇದ್ದಾರಂತೆ. ಇನ್ನು ಆಗುದುಂಟಾ?"

"ಆಗ್ತದೆ. ಅದೇ ಎಲೆಯ ಇನ್ನೊಂದು ಚೂರು ತೊಳೆದು ಇಟ್ಟದ್ದು ಉಂಟು. ನಾನೇ ಮುಚ್ತೇನೆ." ಹೊಸ ಗ್ಲೌಸ್ ಎಳೆದುಕೊಳ್ಳುತ್ತ ಹೇಳಿದಳು, "ನೀವು ಆಚೆ ಕುರ್ಚಿಯಲ್ಲಿ ಕೂತ್ಕೊಳ್ಳಿ ಸರ್."

ಅವರು ಹೋಗಿ ಕುಳಿತರು.

ಸಮಿತಿಯ ಹಿರಿಯ ಮೇಡಂ ಮೊದಲು ಹಸಿರಾಗಿ ಹೊಳೆಯುವ ರೋಗದ ಎಲೆ ನೋಡಿದರು. ಕಾಗದದಲ್ಲಿ ಏನೋ ಬರೆದುಕೊಂಡರು. ಆಮೇಲೆ ರೋಗವಿಲ್ಲದ ಎಲೆಯ ಹೊಸ ಗಾಜು ಇಡಿಸಿ ಬಗ್ಗಿದರು. ಫೋಕಸ್ ತಿರುಗಿಸಿದರು, ಮತ್ತೆ ತಿರುಗಿಸಿದರು.

"ಬೆಳಕು ಪೂರ್ತಿ ಹೆಚ್ಚಿಸಮ್ಮ."

"ಪೂರ್ತಿಯೇ ಉಂಟು ಮೇಡಂ."

ಅವರು ತಲೆ ಎತ್ತಲಿಲ್ಲ. ಗಾಜನ್ನು ಈ ತುದಿಯಿಂದ ಆ ತುದಿಗೆ ಸರಿಸುತ್ತ ಆ ಕತ್ತಲೆಯನ್ನು ನೋಡುತ್ತಲೇ ಇದ್ದರು. ಗೋಡೆ ಪಕ್ಕದ ಕುರ್ಚಿಯಲ್ಲಿ ಕೃಷ್ಣಮೋಹನ ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ಕುಳಿತಿದ್ದರು.