ಕಾಂಪೌಂಡಿನ ಸೊಪ್ಪು

ಲಾಕ್‌ಡೌನಿನಲ್ಲಿ ತರಕಾರಿ ಗಾಡಿಯೂ ಬರುವುದು ನಿಂತು ಹನ್ನೊಂದು ದಿನವಾಗಿತ್ತು. ಇವತ್ತೂ ಬೇಳೆ, ನಾಳೆಯೂ ಬೇಳೆ ಎಂದು ಗೊಣಗುತ್ತಾ ಮೊದಲ ಮಹಡಿಯ ನಿವೃತ್ತ ಟೀಚರ್ ಬೆಳಿಗ್ಗೆ ಬಾಲ್ಕನಿಗೆ ಬಂದರೆ, ಕೆಳಗೆ ಕಾಂಪೌಂಡ್ ಗೋಡೆಯ ಬುಡದಲ್ಲಿ ವಾಚ್‌ಮನ್ ಕುಕ್ಕರಗಾಲಲ್ಲಿ ಕೂತು ಏನನ್ನೋ ಕಿತ್ತು ಚೀಲಕ್ಕೆ ತುಂಬುತ್ತಿದ್ದ.

“ಏನಪ್ಪಾ, ಕಳೆ ಕೀಳೋ ಕೆಲಸಾನೂ ನಿನ್ನ ತಲೆಗೇ ಕಟ್ಟಿದ್ರಾ?”

ಅವನು ಗಾಬರಿಯಿಂದ ಚೀಲವನ್ನು ಬೆನ್ನ ಹಿಂದೆ ಸರಿಸಿದ. “ಕಳೆ ಅಲ್ಲಮ್ಮ, ಗೋಣಿಸೊಪ್ಪು. ಬೇಳೆ ಜೊತೆ ಬೇಯಿಸಿದ್ರೆ ಚೆನ್ನಾಗಿರತ್ತೆ. ನಿಮಗೂ ಒಂದು ಹಿಡಿ ಕೊಡ್ಲಾ?”

ಮೇಲೆ ತಂದು ಹೊಸ್ತಿಲ ಮೇಲಿಟ್ಟು, ಮಾರು ದೂರ ನಿಂತು, ಯಾವ ಎಲೆ ಎಳೆಯದು, ಎಷ್ಟು ಸಲ ತೊಳೆಯಬೇಕು ಎಂದೆಲ್ಲ ಹೇಳಿಕೊಟ್ಟು ಹೋದ. ಮಧ್ಯಾಹ್ನದ ಊಟಕ್ಕೆ ಕೊಂಚ ಹುಳಿ ಇದ್ದ ಆ ಸೊಪ್ಪಿನ ರುಚಿ ಟೀಚರ ನಾಲಿಗೆಗೆ ಹತ್ತಿಬಿಟ್ಟಿತು.

ಟೀಚರ್ ಕೆಟ್ಟವರೇನಲ್ಲ. ಆದರೆ ಮೂವತ್ತು ವರ್ಷ ಪಾಠ ಹೇಳಿದ ಬಾಯಿ, ಗೊತ್ತಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಭ್ಯಾಸವಿಲ್ಲ. ಫೋಟೊ ತೆಗೆದು ಕಟ್ಟಡದ ಗ್ರೂಪಿಗೆ ಹಾಕಿದರು: “ನಮ್ಮ ಕಾಂಪೌಂಡಿನಲ್ಲೇ ತಾಜಾ ಸೊಪ್ಪು! ಹೇಗೆ ಗುರುತಿಸುವುದು, ನಾನು ಹೇಳಿಕೊಡುತ್ತೇನೆ.” ಯಾರಿಂದ ಕಲಿತೆ ಎಂದು ಬರೆಯಲಿಲ್ಲ. ಬರೆಯಬೇಕೆಂದು ಹೊಳೆಯಲೂ ಇಲ್ಲ. ಹೃದಯದ ಗುರುತುಗಳು, ಚಪ್ಪಾಳೆಗಳು ಸುರಿದವು. ಮಾರನೆಯ ದಿನ ಫೋನಿನಲ್ಲೇ ಪಾಠವಾಯಿತು. ಅದರ ಮರುದಿನ ಮೂವತ್ತೆರಡು ಮನೆಯವರು ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡು ಇಳಿದು, ಗೋಡೆಯ ಬುಡವನ್ನೆಲ್ಲ ಬೋಳಿಸಿ, ಉಳಿದದ್ದನ್ನು ಬೇರುಸಮೇತ ಕಿತ್ತು ತಮ್ಮ ತಮ್ಮ ಬಾಲ್ಕನಿಯ ಕುಂಡಗಳಲ್ಲಿ ನೆಟ್ಟುಕೊಂಡರು. ಟೀಚರ ಪಾಲಿಗೂ ಮೂರು ಕುಂಡ ಬಂತು.

ನಾಲ್ಕನೆಯ ದಿನ ಟೀಚರ್ ಮೆಟ್ಟಿಲು ಇಳಿಯುತ್ತಿದ್ದಾಗ ಕಟ್ಟಡದ ಸಂಘದ ಸೆಕ್ರೆಟರಿಯ ದನಿ ಕೇಳಿಸಿತು.

“ಗೇಟು ಕಾಯೋಕೆ ಇದ್ದೀಯೋ, ಇಲ್ಲಿ ಮೇಯೋಕೆ ಇದ್ದೀಯೋ? ಇಲ್ಲಿ ಬೆಳೆಯೋದೆಲ್ಲ ಇಲ್ಲಿ ಮನೆ ಇರೋರಿಗೆ. ಇನ್ನೊಂದು ಸಲ ಚೀಲ ಹಿಡಿದಿದ್ದು ಕಂಡ್ರೆ ನೋಡು.”

“ತಪ್ಪಾಯ್ತು ಸಾರ್,” ಎಂದ ವಾಚ್‌ಮನ್.

ಟೀಚರ್ ಅಲ್ಲಿಂದಲೇ ಹಿಂತಿರುಗಿದರು. ಮೆಲ್ಲಗೆ ಮೇಲೆ ಹತ್ತಿಹೋದರು. ಆದರೆ ಮಧ್ಯಾಹ್ನ ಕುಂಡದ ಸೊಪ್ಪು ಒಂದಿಷ್ಟು ಕಿತ್ತುಕೊಂಡು ಪಂಪಿನ ಮನೆಗೆ ಅಂಟಿಕೊಂಡ ಅವನ ಕೋಣೆಗೆ ಹೋದರು.

ಅವನ ಹೆಂಡತಿ ಬಾಗಿಲಲ್ಲೇ ಕೂತು ಮುಳ್ಳುಮುಳ್ಳಾದ ದಂಟಿನಿಂದ ಎಲೆ ಬಿಡಿಸುತ್ತಿದ್ದಳು. ಬೆರಳ ತುದಿಗಳಲ್ಲಿ ರಕ್ತದ ಚುಕ್ಕೆ. ಮೂರು ತಿಂಗಳ ಹಿಂದಿನವರೆಗೆ ಟೀಚರ ಮನೆಯ ಪಾತ್ರೆ ತೊಳೆಯುತ್ತಿದ್ದವಳು ಅವಳೇ. ಎಲ್ಲ ಸರಿಹೋದ ಮೇಲೆ ಬಾ ಎಂದು ಕಳಿಸಿದ್ದ ಟೀಚರ್ ಆಮೇಲೆ ಒಂದು ಮಾತೂ ವಿಚಾರಿಸಿರಲಿಲ್ಲ.

“ಸೊಪ್ಪು ಚೆನ್ನಾಗಿತ್ತಾ ಟೀಚರಮ್ಮ?” ಅವಳು ತಲೆ ಎತ್ತದೆ ಕೇಳಿದಳು. “ನಾಲ್ಕು ಮನೆ ಕೆಲಸ ನಿಂತ ಮೇಲೆ ನಮ್ಮನ್ನ ಸಾಕಿದ್ದು ಆ ಗೋಡೆ ಬುಡ. ನಿಮ್ಮ ಪಾಠ ಮೂರೇ ದಿನದಲ್ಲಿ ಮುಗಿಸಿಬಿಡ್ತು.”

“ನನಗೆ ಗೊತ್ತಿರಲಿಲ್ಲ ಕಣಮ್ಮಾ. ತಗೋ, ಇದು…”

“ಬೇಡಿ. ಅದನ್ನ ನಮ್ಮನೇಲಿ ಯಾರಾದ್ರೂ ಕಂಡ್ರೆ ಕದ್ದಿದ್ದು ಅಂತಾರೆ.”

ಟೀಚರ್ ಅವಳ ಕೈಯಲ್ಲಿದ್ದ ಮುಳ್ಳಿನ ದಂಟು ನೋಡಿದರು. “ಇದ್ಯಾವ ಸೊಪ್ಪು?” ಎಂದುಬಿಟ್ಟರು.

ಒಳಗಿಂದ ವಾಚ್‌ಮನ್ ಧಡಬಡಿಸಿ ಬಂದ. “ಅದು ತಿನ್ನೋದಲ್ಲಮ್ಮ. ನಂಜು, ನಂಜಿನ ಗಿಡ.” ಅವನ ಹಿಂದೆ ಒಲೆಯ ಮೇಲೆ ಅದೇ ಎಲೆ ಬೇಯುತ್ತಿತ್ತು. ಮಕ್ಕಳ ಮುಂದೆ ತಟ್ಟೆ ಹಾಕಿತ್ತು. ಕರೆದು ಕಲಿಸಿದವನು ಈಗ ತನ್ನನ್ನು ಕಂಡು ಹೆದರಿ ಸುಳ್ಳು ಹೇಳುತ್ತಿದ್ದಾನೆ. ಟೀಚರಿಗೆ ಕೆನ್ನೆಗೆ ಹೊಡೆದಂತಾಯಿತು.

ಸಂಜೆ ಗ್ರೂಪಿನಲ್ಲಿ ಸೆಕ್ರೆಟರಿ ಫೋಟೊ ಹಾಕಿದರು: “ಪಂಪಿನ ಮನೆಯ ಹಿಂದೆ ಈ ಮುಳ್ಳುಗಿಡ ರಾಶಿ ಇದೆ. ಟೀಚರ್, ತಿನ್ನಬಹುದೇ?” ಟೀಚರ್ ಒಂದು ಕ್ಷಣವೂ ಯೋಚಿಸದೆ ಒತ್ತಿದರು: “ನಂಜಿನ ಗಿಡ. ಮುಟ್ಟಬೇಡಿ.” ಅಬ್ಬಾ, ಈ ಸಲ ಉಳಿಸಿದೆ ಎಂದು ಉಸಿರುಬಿಡುವಷ್ಟರಲ್ಲಿ ಉತ್ತರ ಬಂತು: “ಸರಿ. ಮಕ್ಕಳು ಓಡಾಡುವ ಜಾಗ. ನಾಳೆ ಬೆಳಿಗ್ಗೆಯೇ ಕಳೆನಾಶಕ ಹೊಡೆಸುತ್ತೇನೆ.”

ಬೆಳಿಗ್ಗೆ ಟೀಚರ್ ಓಡೋಡಿ ಪಂಪಿನ ಮನೆಯ ಹಿಂದಕ್ಕೆ ಹೋದರು. ಬೆನ್ನಿಗೆ ಔಷಧಿಯ ಕ್ಯಾನು ಕಟ್ಟಿಕೊಂಡು ನಿಂತವನು ವಾಚ್‌ಮನ್ನೇ.

“ಬೇಡಪ್ಪಾ, ಹೊಡೀಬೇಡ.”

“ಹೊಡೀಲಿಲ್ಲಾಂದ್ರೆ ಕೆಲಸ ಹೋಗತ್ತಮ್ಮ. ಈ ಕೋಣೆನೂ ಹೋಗತ್ತೆ.” ಅವನ ಕಣ್ಣು ತುಂಬಿತ್ತು. “ನಂಜು ಅಂದವನು ನಾನೇ ಅಲ್ವಾ?”

ಎರಡನೆಯ ಮಹಡಿಯಿಂದ ಸೆಕ್ರೆಟರಿ ಬಗ್ಗಿದರು. “ಏನ್ ಟೀಚರ್, ಯಾಕೆ ತಡ?”

ಟೀಚರ್ ಮಾಸ್ಕು ಕೆಳಗಿಳಿಸಿದರು. ತರಗತಿಯ ಕೊನೆಯ ಬೆಂಚಿಗೂ ಕೇಳುತ್ತಿದ್ದ ದನಿಯಲ್ಲಿ ಹೇಳಿದರು: “ಇದು ನಂಜಲ್ಲ. ಸುಳ್ಳು ಹೇಳಿದೆ. ಇದು ಇವರ ಮನೆ ಊಟ. ಮೊದಲು ನಾವು ಗೋಡೆ ಬುಡದಲ್ಲಿ ಕಿತ್ತಿದ್ದೂ ಇವರ ಊಟವೇ. ನನಗೆ ಕಲಿಸಿದ್ದು ಇವನು. ನಾನು ಅದನ್ನ ಕದ್ದು ನಿಮಗೆಲ್ಲ ಹಂಚಿದೆ. ಇದಕ್ಕೆ ಔಷಧಿ ಹೊಡೆಸೋದಾದ್ರೆ ನೀವೇ ಇಳಿದು ಬನ್ನಿ, ನಾನು ಇಲ್ಲೇ ಇರ್ತೀನಿ.”

ಬಾಲ್ಕನಿಗಳಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದವರು ಒಬ್ಬೊಬ್ಬರಾಗಿ ಒಳಗೆ ಸರಿದರು. ಸೆಕ್ರೆಟರಿ ಅಕ್ಕಪಕ್ಕ ನೋಡಿ, ಬಾಗಿಲು ಹಾಕಿಕೊಂಡರು. ಯಾರೂ ಇಳಿದು ಬರಲಿಲ್ಲ. ವಾಚ್‌ಮನ್ ಕ್ಯಾನು ಕೆಳಗಿಟ್ಟ.

ಅವನ ಹೆಂಡತಿ ಚೀಲ ಹಿಡಿದು ಬಂದು ಮುಳ್ಳಿನ ನಡುವೆ ಕೂತಳು. ಟೀಚರೂ ಮಂಡಿಯೂರಿ ಪಕ್ಕದಲ್ಲಿ ಕೂತರು.

“ನೀವು ಬಿಡಿ,” ಎಂದಳು ಅವಳು, ಮುಖ ನೋಡದೆ. “ನಿಮಗೆ ಕೊಡೋಷ್ಟು ಇಲ್ಲ ಇಲ್ಲಿ.”

“ನನಗೆ ಬೇಡ,” ಎಂದರು ಟೀಚರ್. ಮುಳ್ಳು ಚುಚ್ಚಿದ ಬೆರಳನ್ನು ಸೀರೆಗೆ ಒರೆಸಿಕೊಂಡು, ಕಿತ್ತ ಚಿಗುರನ್ನು ಅವಳ ಚೀಲಕ್ಕೆ ಹಾಕಿದರು.